ಗದ್ದೆ ಯಾರ ಹೆಸರಿಗಾಯಿತು ಎಂದು ಕೇಳು

ತಂಗೀ, ಧಾರವಾಡದಲ್ಲಿ ಎಂ.ಎ.ಗೆ ಅಮೆರಿಕದ ಇತಿಹಾಸ ತೆಗೆದುಕೊಂಡೆ ಎಂದು ನೀನು ಹೇಳಿದಾಗ ಮನೆಯವರಿಗೆ ಅಷ್ಟು ಸರಿಕಾಣಲಿಲ್ಲ. ನನಗೆ ಸಂತೋಷವಾಯಿತು. ಮೊನ್ನೆ ಜಗಲಿಯ ಮೇಲೆ ಬಿಟ್ಟುಹೋದ ನಿನ್ನ ವಹಿಯನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. 1776, 1865, 1870, 1964 ಎಂದು ಇಸವಿಗಳನ್ನು ಸಾಲಾಗಿ ಬರೆದು, ಪ್ರತಿಯೊಂದರ ಮುಂದೆ ಕೆಂಪು ಶಾಯಿಯಲ್ಲಿ ‘ತಿರುವು’ ಎಂದು ಗುರುತು ಹಾಕಿದ್ದೀಯ. ಆ ಗುರುತಿನ ಪಕ್ಕ ಇನ್ನೊಂದು ಪ್ರಶ್ನೆ ಬರೆದುಕೋ: ಆಮೇಲೆ ಗದ್ದೆ ಯಾರ ಹೆಸರಿಗಾಯಿತು?

ಆ ಇತಿಹಾಸ ದೂರದ್ದೆಂದು ತಿಳಿಯಬೇಡ. ಹುಬ್ಬಳ್ಳಿ, ಧಾರವಾಡದ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಬರುತ್ತಿದ್ದ ಕಾಲವೊಂದಿತ್ತು. ಇಂಗ್ಲೆಂಡಿನ ಪೇಟೆಯಲ್ಲಿ ಆ ಹತ್ತಿಗೆ ಕುಮಟೆಯದೇ ಹೆಸರು. 1861ರಲ್ಲಿ ಅಮೆರಿಕದಲ್ಲಿ ಒಳಯುದ್ಧ ಶುರುವಾಗಿ, ಅಲ್ಲಿಯ ಹತ್ತಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹೋಗುವುದು ನಿಂತಾಗ ನಮ್ಮ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂತು. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರದ ಬಂದರನ್ನು ಹತ್ತಿಗಾಗಿ ಬೆಳೆಸಬೇಕೆಂಬ ಮುಂಬಯಿ ವ್ಯಾಪಾರಿಗಳ ಆಸೆ ಅದರ ಹಿಂದಿತ್ತು. ನಮ್ಮ ಕಡೆಯ ಕಾಯ್ಕಿಣಿಯ ಒಕ್ಕಲಿಗೆ ಲಿಂಕನ್ನರ ಹೆಸರೂ ಗೊತ್ತಿರಲಿಲ್ಲ. ಆದರೂ ಅವನ ಕಚೇರಿ, ಕಾಯಿದೆ ಎಲ್ಲ ಆ ಕಾಲದಲ್ಲೇ ದಿಕ್ಕು ಬದಲಿಸಿದವು.

ಈಗ ನಿನ್ನ 1865ಕ್ಕೆ ಬರೋಣ. ಗುಲಾಮಗಿರಿ ಹೋಯಿತು ಎಂದು ಬರೆದಿದ್ದೀಯ, ನಿಜ. ಆದರೆ ಆ ವರ್ಷದ ಜನವರಿಯಲ್ಲಿ ಶೆರ್ಮನ್ ಎಂಬ ಸೇನಾಪತಿ ಒಂದು ಆಜ್ಞೆ ಹೊರಡಿಸಿದ್ದ. ದಕ್ಷಿಣ ಕೆರೊಲಿನಾದಿಂದ ಫ್ಲಾರಿಡಾದವರೆಗಿನ ಸಮುದ್ರದಂಡೆಯ ಭೂಮಿಯನ್ನು ಬಿಡುಗಡೆಯಾದ ಕುಟುಂಬಗಳಿಗೆ ನಲವತ್ತು ಎಕರೆಯವರೆಗೆ ಹಂಚಬೇಕೆಂದು. ಅದರಲ್ಲಿ ಹೊಳೆಯಂಚಿನ ಭತ್ತದ ಗದ್ದೆಗಳೂ ಇದ್ದವು, ನಮ್ಮ ಬೈಲುಗದ್ದೆಗಳ ಹಾಗೆ. ಸುಮಾರು ನಲವತ್ತು ಸಾವಿರ ಜನ ಅಲ್ಲಿ ನೆಲೆ ನಿಂತರು. ಲಿಂಕನ್ ಕೊಲೆಯಾದ ಮೇಲೆ ಬಂದ ಅಧ್ಯಕ್ಷ ಜಾನ್ಸನ್ ಆ ವರ್ಷವೇ ಭೂಮಿಯನ್ನು ಹಳೆಯ ಒಡೆಯರಿಗೆ ಮರಳಿಸಿದ. ನೆಲವಿಲ್ಲದ ಜನ ಅದೇ ಒಡೆಯರ ಹೊಲಕ್ಕೆ ಪಾಲಿನ ಬೇಸಾಯಕ್ಕೆ ಹೋಗಬೇಕಾಯಿತು. ಬೀಜ, ಬಟ್ಟೆ, ಮೆಕ್ಕೆಜೋಳದ ಹಿಟ್ಟು ಎಲ್ಲ ಒಡೆಯನ ಲೆಕ್ಕದಲ್ಲಿ ಸಾಲ, ಸುಗ್ಗಿಯಲ್ಲಿ ಬೆಳೆಯೆಲ್ಲ ಆ ಸಾಲಕ್ಕೆ ವಜಾ. 1870ರಲ್ಲಿ ಮತದ ಹಕ್ಕು ಸಂವಿಧಾನದಲ್ಲೇ ಸೇರಿತು. ದಕ್ಷಿಣದಲ್ಲಿ ಅದು ಕೆಲವು ವರ್ಷ ಕೈಗೆ ಬಂದು ತಪ್ಪಿಹೋಯಿತು, ಗಟ್ಟಿಯಾಗಿ ದಕ್ಕಿದ್ದು 1965ರ ಕಾಯಿದೆಯ ನಂತರ. ಒಡೆಯನ ನೆಲದಲ್ಲಿ ಗುಡಿಸಲು ಕಟ್ಟಿಕೊಂಡವನು ಒಡೆಯನಿಗೆ ಎದುರಾಗಿ ಮತ ಹಾಕುವುದು ಹೇಗೆ? ಇದನ್ನು ನಾನು ಪುಸ್ತಕ ಓದಿ ತಿಳಿದವನಲ್ಲ. ನಮ್ಮ ಮನೆ ಇದ್ದದ್ದೂ ಗೇಣಿ ಜಾಗದಲ್ಲೇ.

ನನ್ನ ಅಪ್ಪ ಚಾಲಗೇಣಿ ಒಕ್ಕಲು, ಧಣಿ ಬಿಡು ಎಂದರೆ ಗದ್ದೆ ಬಿಡಬೇಕಾದವನು. ಸುಗ್ಗಿ ಮುಗಿದರೆ ಭತ್ತ ಮೊದಲು ಧಣಿಯ ಅಂಗಳಕ್ಕೆ ಹೋಗಬೇಕು. ಅಲ್ಲಿಯ ಕೊಳಗಕ್ಕೂ ನಮ್ಮ ಮನೆಯ ಕೊಳಗಕ್ಕೂ ಅಳತೆ ಕೂಡುತ್ತಿರಲಿಲ್ಲ. ಇದು ನಮ್ಮೂರೊಂದರ ಕತೆಯಲ್ಲ. ಘಟ್ಟದ ಮೇಲೆ, ಸಾಗರದ ಹತ್ತಿರದ ಕಾಗೋಡಿನಲ್ಲಿ 1951ರ ಏಪ್ರಿಲಿನಲ್ಲಿ ಎದ್ದ ಸತ್ಯಾಗ್ರಹದ ಹಿಂದೆಯೂ ಇದೇ ಕೊಳಗದ ಜಗಳವಿತ್ತು. ಗಣಪತಿಯಪ್ಪನವರು ರೈತರನ್ನು ಕೂಡಿಸಿದರು, ಶಾಂತವೇರಿ ಗೋಪಾಲಗೌಡರು ಜೊತೆಯಾದರು. ಅದಕ್ಕೂ ಮೊದಲು ನಮ್ಮ ಜಿಲ್ಲೆಯಲ್ಲಿ ಗೇಣಿದಾರರನ್ನು ಸಂಘಟಿಸಿದ ದಿನಕರ ದೇಸಾಯಿಯವರನ್ನು ಬ್ರಿಟಿಷ್ ಸರಕಾರ 1940ರಲ್ಲಿ ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು.

ಕಾಗೋಡಿಗೆ ಬಂದು ಬಂಧನಕ್ಕೊಳಗಾದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅದೇ ವರ್ಷ ಅಮೆರಿಕಕ್ಕೆ ಹೋದರು, ಅಲ್ಲಿಯ ಕಪ್ಪು ಜನರ ಮುಂದೆ ಕಾಯಿದೆಭಂಗದ ಮಾತಾಡಿದರು. 1964ರ ಮೇ ತಿಂಗಳಲ್ಲಿ ಮತ್ತೆ ಹೋದಾಗ ಮಿಸಿಸಿಪ್ಪಿಯ ಜ್ಯಾಕ್ಸನ್ ಊರಿನ ಒಂದು ಊಟದ ಮನೆಯವರು, ಮೈಬಣ್ಣ ನೋಡಿ, ಅವರನ್ನು ಒಳಗೆ ಬಿಡಲಿಲ್ಲ. ಮರುದಿನ ಬರುತ್ತೇನೆಂದು ತಿಳಿಸಿಯೇ ಮತ್ತೆ ಬಾಗಿಲಿಗೆ ಹೋದರು; ಪೊಲೀಸರು ಹಿಡಿದು ವ್ಯಾನಿಗೆ ಹತ್ತಿಸಿದರು. ಜುಲೈ 2ರಂದು ನೀನು ಗುರುತು ಹಾಕಿದ ಆ ನಾಗರಿಕ ಹಕ್ಕು ಕಾಯಿದೆಗೆ ಸಹಿ ಬಿತ್ತು. ಕಾಗೋಡಿನ ಕೊಳಗ ಮತ್ತು ಜ್ಯಾಕ್ಸನ್ನಿನ ಊಟದ ಮೇಜು ಎರಡರ ಮುಂದೆಯೂ ನಿಂತ ಒಬ್ಬ ಮನುಷ್ಯ ಇದ್ದ ಎಂಬುದನ್ನು ನಿನ್ನ ಪ್ರಬಂಧದಲ್ಲಿ ಬರಿ.

ನಮ್ಮ ತಿರುವು 1974ರ ಮಾರ್ಚ್ 1. ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣೆ ಕಾಯಿದೆಯಂತೆ ಗೇಣಿ ಭೂಮಿಯೆಲ್ಲ ಅಂದು ಸರಕಾರಕ್ಕೆ ಸೇರಿತು. ಉಳುವವನು ಏಳನೇ ನಮೂನೆಯಲ್ಲಿ ಡಿಕ್ಲರೇಶನ್ ಹಾಕಿದರೆ ಭೂನ್ಯಾಯಮಂಡಳಿ ವಿಚಾರಿಸಿ ಅವನಿಗೆ ಕೊಡಬೇಕು. ನನಗೆ ಆಗ ಇಪ್ಪತ್ತೊಂದು. ಅಪ್ಪನಿಗೆ ಅಕ್ಷರ ಬಾರದು, ಚಿಮಣಿ ದೀಪದ ಬುಡದಲ್ಲಿ ಅರ್ಜಿ ತುಂಬಿದವನು ನಾನು. ಸರ್ವೆ ನಂಬ್ರ ಬರೆಯುವಾಗ ಕೈ ನಡುಗುತ್ತಿತ್ತು. ಧಣಿಯ ಕಡೆಯಿಂದ ಮಾತು ಬಂದಿತ್ತು: ಅರ್ಜಿ ಹಾಕಿದವರು ನಾಳೆಯಿಂದ ಈ ಅಂಗಳ ತುಳಿಯಬೇಡಿ. ಅಪ್ಪ ಹೆಬ್ಬೆಟ್ಟು ಒತ್ತಿದ. ದೊಡ್ಡಪ್ಪ ಒತ್ತಲಿಲ್ಲ. ‘ಉಂಡ ಮನೆಯ ಜಂತೆ ಎಣಿಸಬಾರದು’ ಎಂದ. ನಾನು ಎರಡು ಸಲ ಹೋಗಿ ಹೇಳಿದೆ, ಮೂರನೆಯ ಸಲ ಹೋಗಲಿಲ್ಲ. ಅರ್ಜಿಯ ಅವಧಿ ಮುಂದೆ ಹೋಗುತ್ತ ಹೋಗಿ 1979ರ ಜೂನ್ 30ಕ್ಕೆ ಮುಗಿಯಿತು. ಅದೇ ಬೈಲು, ನಡುವೆ ಒಂದೇ ಹಾಳಿ. ಈಚೆಯ ಗದ್ದೆ ನಮ್ಮದಾಯಿತು. ಆಚೆಯದನ್ನು ಬಿಟ್ಟು ದೊಡ್ಡಪ್ಪನ ಮಕ್ಕಳು ಮುಂಬಯಿಯ ಹೋಟೆಲುಗಳಿಗೆ ಹೋದರು. ಮೂರನೆಯ ಸಲ ಯಾಕೆ ಹೋಗಲಿಲ್ಲ ಎಂದು ಇವತ್ತಿಗೂ ನನ್ನನ್ನು ಕೇಳಿಕೊಳ್ಳುತ್ತೇನೆ.

ಗೇಣಿಯ ಅಕ್ಕಿಯಲ್ಲೇ ದಿನ ದೂಡುತ್ತಿದ್ದ ಒಂಟಿ ವಿಧವೆಯರೂ ಆಗ ನೆಲ ಕಳೆದುಕೊಂಡರು. ಅವರ ನೋವನ್ನು ಮುಚ್ಚಿ ಬರೆಯಬೇಡ. ಆದರೂ ನನ್ನ ತೀರ್ಪು ಬದಲಾಗುವುದಿಲ್ಲ: ಕೆರೊಲಿನಾದ ಜನರಿಗೆ ತಪ್ಪಿಹೋದದ್ದು ಈ ಕರಾವಳಿಯಲ್ಲಿ ಬಹಳ ಜನರಿಗೆ ದಕ್ಕಿತು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿ ಬಿದ್ದಿದ್ದವು. ನೀನು ಧಾರವಾಡದಲ್ಲಿ ಓದುತ್ತಿರುವುದರ ಬೇರು ಆ ಒಂದು ಹೆಬ್ಬೆಟ್ಟಿನಲ್ಲಿದೆ.

ಎಲ್ಲ ಮುಗಿದುಹೋದ ಕತೆ ಎಂದುಕೊಳ್ಳಬೇಡ. ನಮ್ಮ ಗುಡ್ಡದ ಬುಡದ ಮನೆಗಳವರು ತಲೆಮಾರುಗಳಿಂದ ಇದ್ದರೂ ಪಹಣಿಯಲ್ಲಿ ಆ ನೆಲ ಅರಣ್ಯ, ಕಾಗದದಲ್ಲಿ ಅವರು ಅತಿಕ್ರಮಣದಾರರು. 2006ರ ಅರಣ್ಯ ಹಕ್ಕು ಕಾಯಿದೆ ಬಂತು, ಅದನ್ನೂ ತಿರುವು ಎಂದರು. ಆದರೆ ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ ಎಪ್ಪತ್ತೈದು ವರ್ಷ, ಅಲ್ಲಿದ್ದದ್ದಕ್ಕೆ ಸಾಕ್ಷ್ಯ ತೋರಿಸಬೇಕು. ಕೂಲಿ ಮಾಡಿ ಉಣ್ಣುವವರ ಮನೆಯಲ್ಲಿ 1930ರ ಕಾಗದ ಎಲ್ಲಿಂದ ಬರಬೇಕು?

ಆ ಕಾಯಿದೆಯ ನಿಯಮಗಳಲ್ಲಿ ಒಂದು ದಾರಿ ಇದೆ: ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಒಂದು ಸಾಕ್ಷ್ಯ. ಆ ಮನೆಗಳ ಅಜ್ಜಂದಿರನ್ನು ನಾನು ಕಂಡಿದ್ದೇನೆ. ಅವರು ನೆಟ್ಟ ಹಲಸು, ತೋಡಿದ ಬಾವಿ ಎಲ್ಲಿವೆ ಎಂದು ಹೇಳಬಲ್ಲೆ. ಇಷ್ಟನ್ನು ಬಲ್ಲವರು ಕೇರಿಯಲ್ಲಿ ಇನ್ನು ನಾಲ್ಕೈದು ಜನ ಇದ್ದೇವೆ, ಎಲ್ಲರಿಗೂ ಎಪ್ಪತ್ತು ದಾಟಿದೆ. ದೀಪಾವಳಿ ರಜೆಗೆ ಬರುವಾಗ ಒಂದು ಹೊಸ ವಹಿ ತಾ. ನಾವು ಹೇಳುತ್ತೇವೆ, ನೀನು ಬರೆದುಕೋ.