ಕರಗಿದ ಚಿನ್ನವನ್ನು ಮರಳಿ ಪಡೆಯುವ ಬಗೆ

ಚಿನ್ನಕ್ಕೆ ತುಕ್ಕು ಹಿಡಿಯದು. ಗಾಳಿಯಾಗಲಿ ನೀರಾಗಲಿ ಅದನ್ನು ಕೆಡಿಸಲಾರದು. ಆದರೆ ಸೋಡಿಯಂ ಸೈನೈಡಿನ ಬಹು ತೆಳುವಾದ ದ್ರಾವಣದಲ್ಲಿ, ಗಾಳಿಯ ಆಮ್ಲಜನಕವೂ ಜೊತೆಗೂಡಿದರೆ, ಅದು ಮೆಲ್ಲಮೆಲ್ಲನೆ ಕರಗಿಹೋಗುತ್ತದೆ. ಈ ಗುಣವನ್ನು ಅದಿರಿನಿಂದ ಚಿನ್ನ ತೆಗೆಯಲು ಬಳಸುವ ವಿಧಾನವನ್ನು 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಮ್ಯಾಕ್‌ಆರ್ಥರ್ ಎಂಬ ರಸಾಯನಜ್ಞನೂ ಫಾರೆಸ್ಟ್ ಸೋದರರೂ ರೂಪಿಸಿದರು. ಕೋಲಾರದ ಗಣಿಗಳಲ್ಲಿಯೂ ಇದು ಬಳಕೆಯಲ್ಲಿತ್ತು. 2001ರಲ್ಲಿ ಗಣಿಗಳು ಮುಚ್ಚಿದರೂ, ಚಿನ್ನ ತೆಗೆದು ಉಳಿದ ಪುಡಿಯ ‘ಸೈನೈಡ್ ದಿಬ್ಬ’ಗಳು ಅಲ್ಲಿ ಇಂದಿಗೂ ನಿಂತಿವೆ.

ಕರಗಿಸುವುದು ಅರ್ಧ ಕೆಲಸ ಮಾತ್ರ. ಒಂದು ಟನ್ನು ದ್ರಾವಣದಲ್ಲಿರುವ ಚಿನ್ನ ಸಾಮಾನ್ಯವಾಗಿ ಕೆಲವೇ ಗ್ರಾಂ. ಸೋಸಿದರೆ ಅದು ಸಿಕ್ಕುವುದಿಲ್ಲ. ನೀರನ್ನೆಲ್ಲ ಕುದಿಸಿ ಇಂಗಿಸಲು ಸೌದೆಯ ವೆಚ್ಚ ತಾಳದು. ಹಾಗಾದರೆ ಉಪಾಯವೇನು?

ಸತುವು ಚಿನ್ನಕ್ಕಿಂತ ಬಹು ಚುರುಕಾದ ಲೋಹ. ಅದರ ಪುಡಿಯನ್ನು ದ್ರಾವಣಕ್ಕೆ ಬೆರೆಸಿದಾಗ, ಸತುವಿನ ಪ್ರತಿಯೊಂದು ಪರಮಾಣುವೂ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ತಾನು ಕರಗುತ್ತದೆ. ಅವನ್ನು ಪಡೆದ ಚಿನ್ನದ ಎರಡು ಪರಮಾಣುಗಳು ಲೋಹರೂಪದಲ್ಲಿ ಹೊರಬೀಳುತ್ತವೆ. ಲೆಕ್ಕದಂತೆ ಒಂದು ಗ್ರಾಂ ಸತುವು ಆರು ಗ್ರಾಂ ಚಿನ್ನವನ್ನು ಹೊರಡಿಸಬೇಕು. ಆದರೆ ಸತುವು ನೀರಿನೊಡನೆಯೂ ವರ್ತಿಸಿ ವ್ಯಯವಾಗುವುದರಿಂದ, ವ್ಯವಹಾರದಲ್ಲಿ ಹೆಚ್ಚು ಸತುವೇ ಬೇಕು. ಹೀಗೆ ದೊರೆಯುವುದು ಹೊಳೆಯುವ ಚಿನ್ನವಲ್ಲ, ಕಪ್ಪು ಕೆಸರು. ಅದನ್ನು ಬಿಳಿಗಾರ ಮೊದಲಾದವುಗಳೊಡನೆ ಕುಲುಮೆಯಲ್ಲಿ ಕಾಯಿಸಿದಾಗಲೇ ಗಟ್ಟಿ ಚಿನ್ನ ಕಾಣಿಸುವುದು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಚಿನ್ನವನ್ನು ಕರಗಿಸಲು ನೆರವಾದ ಆಮ್ಲಜನಕವೇ ಈಗ ವೈರಿ. ಅದು ಉಳಿದಿದ್ದರೆ ಸತುವನ್ನು ವ್ಯರ್ಥಗೊಳಿಸುವುದಲ್ಲದೆ, ಹೊರಬಿದ್ದ ಚಿನ್ನವನ್ನೂ ಮತ್ತೆ ಕರಗಿಸುತ್ತದೆ. ಆದುದರಿಂದ ಮೊದಲು ದ್ರಾವಣವನ್ನು ತಿಳಿಯಾಗಿ ಸೋಸಿ, ನಿರ್ವಾತದಲ್ಲಿ ಅದರೊಳಗಿನ ಗಾಳಿಯನ್ನು ಹೀರಿ ತೆಗೆಯುತ್ತಾರೆ.

ಮತ್ತೊಂದು ವಿಧಾನಕ್ಕೆ ತೆಂಗಿನ ಚಿಪ್ಪಿನ ಇದ್ದಿಲು ಸಾಕು. ವಿಶೇಷವಾಗಿ ಹದಗೊಳಿಸಿದ ಈ ಇದ್ದಿಲಿನ ಒಂದು ಗ್ರಾಮಿನೊಳಗಿನ ಸೂಕ್ಷ್ಮ ರಂಧ್ರಗಳ ಮೈಯನ್ನು ಹರಡಿದರೆ ಸುಮಾರು ಸಾವಿರ ಚದರ ಮೀಟರಾಗುತ್ತದೆ. ಕರಗಿದ ಚಿನ್ನ ಅಲ್ಲಿಗೆ ಅಂಟಿಕೊಳ್ಳುತ್ತದೆ. ಅದಿರಿನ ಕೆಸರನ್ನು ಸೋಸುವ ತೊಂದರೆಯಿಲ್ಲ; ಇದ್ದಿಲಿನ ಹರಳುಗಳನ್ನು ಜರಡಿಯಿಂದ ಬೇರ್ಪಡಿಸಿದರೆ ಸಾಕು. ಬಳಿಕ ಬಿಸಿಯಾದ ಕ್ಷಾರದ್ರಾವಣದಿಂದ ಚಿನ್ನವನ್ನು ಬಿಡಿಸಿ, ವಿದ್ಯುತ್ತನ್ನು ಹಾಯಿಸಿ ಉಕ್ಕಿನ ಎಳೆಗಳ ಮೇಲೆ ಕೂಡಿಸುತ್ತಾರೆ.

ಚಿನ್ನ ಬಂದರೂ ಸೈನೈಡು ಉಳಿದಿರುತ್ತದೆ. ಅದು ಘೋರ ವಿಷ. 2000ನೆಯ ಇಸವಿಯ ಜನವರಿ 30ರಂದು ರುಮೇನಿಯದ ಬಾಯಾ ಮಾರೆ ಬಳಿ ಇಂಥ ನೀರಿನ ಕಟ್ಟೆಯೊಡೆದು ವಿಷವು ಟಿಸಾ ನದಿಯನ್ನು ಸೇರಿತು. ಅಪಾರ ಮೀನುಗಳು ಸತ್ತವು. ಉಳಿದ ದ್ರಾವಣವನ್ನು ಮತ್ತೆ ಬಳಸುವುದು, ಬಿಡುವ ಮುನ್ನ ವಿಷವನ್ನು ನಾಶಮಾಡುವುದು, ಇವು ಈ ವಿದ್ಯೆಯ ಅಂಗಗಳೇ ಹೊರತು ಹೆಚ್ಚಿನ ಉಪಕಾರಗಳಲ್ಲ.