ಮೂರ್ಛೆರೋಗ: ಕೆಲಸ ಬಿಡಿಸಬೇಡಿ, ಜಾಗ ಬದಲಿಸಿ

ಮದ್ದೂರಿನ ಗಾರ್ಮೆಂಟ್ಸ್ ಕಾರ್ಖಾನೆಯಿರಲಿ, ಮಂಡ್ಯದ ಆಲೆಮನೆಯಿರಲಿ, ಮಳವಳ್ಳಿಯ ಅಂಗಡಿಯಿರಲಿ, ಕೆಲಸದ ವೇಳೆ ಒಬ್ಬರಿಗೆ ಫಿಟ್ಸ್ ಬಂದರೆ ಆ ಸಂಜೆಯೇ ‘ನಾಳೆಯಿಂದ ಬರಬೇಡ’ ಎನ್ನುವುದುಂಟು. ಈ ಭಯದಿಂದ ಕೆಲವರು ರೋಗವನ್ನೇ ಮುಚ್ಚಿಡುತ್ತಾರೆ. ಜೊತೆಯವರು ಕೇಳಿಯಾರೆಂದು ಮಧ್ಯಾಹ್ನದ ಮಾತ್ರೆ ಬಿಡುತ್ತಾರೆ. ಮಾತ್ರೆ ತಪ್ಪಿದರೆ ಮೂರ್ಛೆ ಮತ್ತೆ ಬರುತ್ತದೆ. ಕೆಲಸ ಹೋಗುವ ಹೆದರಿಕೆಯೇ ರೋಗವನ್ನು ಹೆಚ್ಚಿಸುತ್ತದೆ.

ಏನಿದು ಮೂರ್ಛೆರೋಗ?

ಮಿದುಳಿನ ನರಕೋಶಗಳ ವಿದ್ಯುತ್ ಚಟುವಟಿಕೆ ಸ್ವಲ್ಪ ಹೊತ್ತು ಹತೋಟಿ ತಪ್ಪುವುದರಿಂದ ಮೂರ್ಛೆ ಬರುತ್ತದೆ. ಇದು ಗಾಳಿ ಸೋಕಿದ್ದಲ್ಲ, ಹುಚ್ಚಲ್ಲ, ಅಂಟುರೋಗವೂ ಅಲ್ಲ. ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ನಿಮ್ಹಾನ್ಸ್ ತಜ್ಞರು ನಡೆಸಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸಾವಿರಕ್ಕೆ ಸುಮಾರು 9 ಮಂದಿಗೆ ಈ ರೋಗವಿತ್ತು. ಸರಿಯಾದ ಔಷಧಿಯನ್ನು ತಪ್ಪದೆ ತೆಗೆದುಕೊಂಡರೆ 10ರಲ್ಲಿ 7 ಮಂದಿಯಷ್ಟು ಮೂರ್ಛೆಯಿಲ್ಲದೆ ಬಾಳಬಲ್ಲರು.

ಯಾವ ಕೆಲಸ ಮಾಡಬಹುದು?

ಬಹುಪಾಲು ಕೆಲಸಗಳನ್ನೆಲ್ಲ ಮಾಡಬಹುದು. ಆಲೆಮನೆಯಲ್ಲಿ ಕುದಿಯುವ ಕೊಪ್ಪರಿಗೆ, ಒಲೆ, ಗಾಣದ ಬಳಿ ಬೇಡ. ಆರಿದ ಬೆಲ್ಲ ತುಂಬುವುದು, ತೂಕ, ಲೆಕ್ಕ ಇವುಗಳಿಗೆ ಅಡ್ಡಿಯಿಲ್ಲ. ಎತ್ತರ ಹತ್ತುವುದು, ವಾಹನ ಓಡಿಸುವುದು, ನಾಲೆಗೆ ಒಬ್ಬರೇ ಇಳಿಯುವುದು ಸಲ್ಲದು. ನಿದ್ದೆಗೆಟ್ಟರೆ ಮೂರ್ಛೆ ಬರುವುದರಿಂದ ರಾತ್ರಿ ಪಾಳಿ ತಪ್ಪಿಸಿ. ಮಾಲೀಕರಿಗೆ ಇದರಿಂದ ಆಗುವ ಖರ್ಚು ಅಲ್ಪ. ಕಸುಬು ಬಲ್ಲ ಕೆಲಸಗಾರ ಉಳಿಯುತ್ತಾನೆ, ಜೊತೆಯವರೂ ತಮ್ಮ ಕಾಯಿಲೆ ಬಚ್ಚಿಡುವುದಿಲ್ಲ.

ಫಿಟ್ಸ್ ಬಂದಾಗ

* ಸುತ್ತಲಿನ ಯಂತ್ರ ನಿಲ್ಲಿಸಿ, ಚೂಪಾದ ವಸ್ತುಗಳನ್ನು ಸರಿಸಿ.
* ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಡಿ, ಕತ್ತಿನ ಗುಂಡಿ ಸಡಿಲಿಸಿ.
* ಅದುಮಿ ಹಿಡಿಯಬೇಡಿ. ಸೆಳೆತ ಕಡಿಮೆಯಾದ ಕೂಡಲೇ ಒಂದು ಮಗ್ಗುಲಿಗೆ ಹೊರಳಿಸಿ.
* ಕೈಗೆ ಬೀಗದಕೈ, ಕಬ್ಬಿಣ ಕೊಡುವುದರಿಂದ, ಚಪ್ಪಲಿ, ಈರುಳ್ಳಿ ಮೂಸಿಸುವುದರಿಂದ ಪ್ರಯೋಜನವಿಲ್ಲ.
* ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ.
* ಸೆಳೆತ 5 ನಿಮಿಷ ಮೀರಿದರೆ, ಎಚ್ಚರವಾಗುವ ಮುನ್ನ ಮತ್ತೆ ಬಂದರೆ, ಪೆಟ್ಟಾಗಿದ್ದರೆ, ಮೊದಲ ಸಲ ಬಂದಿದ್ದರೆ ಅಥವಾ ಗರ್ಭಿಣಿಯಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯವರಿಗೆ ಒಂದು ಮಾತು

ಮೂರ್ಛೆ ನಿಂತಿತೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಎಷ್ಟು ವರ್ಷ ಬೇಕೆಂದು ವೈದ್ಯರು ಹೇಳಲಿ. ದಿನಕ್ಕೆ ಒಂದೆರಡು ಹೊತ್ತಿನ ಮಾತ್ರೆ ಸಾಕೇ ಎಂದೂ ಅವರನ್ನೇ ಕೇಳಿ. ಆಗ ಕೆಲಸದ ವೇಳೆ ನುಂಗುವ ಪ್ರಶ್ನೆಯೇ ಇರದು. ಕೆಲಸದ ಜಾಗದಲ್ಲಿ ನಂಬಿಕೆಯ ಒಬ್ಬರಿಗಾದರೂ ವಿಷಯ ತಿಳಿಸಿಡಿ.

ಹಿಂದೂ ವಿವಾಹ ಕಾಯಿದೆಯಲ್ಲಿ ಮದುವೆಗೆ ಅಡ್ಡಿಯೆಂದಿದ್ದ ಈ ರೋಗದ ಹೆಸರನ್ನು 1999ರಲ್ಲೇ ತೆಗೆದುಹಾಕಲಾಯಿತು. ದುಡಿದು ತಿನ್ನುವುದಕ್ಕೂ ಅದು ಅಡ್ಡಿಯಾಗಬಾರದು.