ಬೆಲೆಯೂ ಬಾಂಧವ್ಯವೂ

ಕಲ್ಕತ್ತೆಯ ದಕ್ಷಿಣದ ಅಂಚಿನಲ್ಲಿ, ಡೈಮಂಡ್ ಹಾರ್ಬರ್ ರಸ್ತೆಯ ಮಗ್ಗುಲಿನ ಜೋಕಾದಲ್ಲಿ, ನಮ್ಮ ತಂದೆಯವರು ಮೂರು ಕಾಠಾ ನೆಲದ ಮೇಲೆ ಕಟ್ಟಿಸಿದ ಮನೆಯೊಂದಿದೆ; ಕಾಠಾ ಎಂದರೆ ಇಲ್ಲಿಯ ಲೆಕ್ಕದಲ್ಲಿ 720 ಚದರ ಅಡಿ. ಆ ಮನೆಯಲ್ಲಿ ಅಕ್ಕನಿಗೂ ಅಣ್ಣನಿಗೂ ಇದ್ದ ಪಾಲುಗಳನ್ನು ನಾನು ಕೊಂಡುಕೊಂಡೆನು. ಕೊಂಡ ಮೇಲೆಯೂ ನಾವು ಮೂವರು ಒಡಹುಟ್ಟಿದವರಾಗಿಯೇ ಉಳಿದಿದ್ದೇವೆ. ಆದರೆ ಹಾಗೆ ಉಳಿಯದೆ ಹೋಗುವ ಸಂಭವವು ಒಂದು ಕಾಲಕ್ಕೆ ಬಹು ಸಮೀಪ ಬಂದಿದ್ದಿತು, ಮತ್ತು ಅದನ್ನು ಬರಮಾಡಿದವನು ನಾನೇ ಆದುದರಿಂದ, ಇದೇ ಹಾದಿಯಲ್ಲಿ ನಡೆಯಬೇಕಾದವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ತುಮಕೂರು ಸೀಮೆಯಿಂದ ಕೇಂದ್ರ ಸರ್ಕಾರದ ನೌಕರಿಯ ಮೇಲೆ ಬಂದಿದ್ದ ತಂದೆಯವರು, ಇಲ್ಲಿ ನೆಲ ಕೊಂಡ ಕಾಲಕ್ಕೆ ಜೋಕಾ ಕೆರೆ ಗದ್ದೆಗಳ ನಡುವಣ ಒಂದು ಪಂಚಾಯಿತಿಯ ಊರಾಗಿದ್ದಿತು. 1978ರ ಸೆಪ್ಟೆಂಬರಿನ ಮಹಾವೃಷ್ಟಿಯಲ್ಲಿ ನಗರವೆಲ್ಲ ನೀರಲ್ಲಿ ನಿಂತುದನ್ನು ಕಂಡಿದ್ದ ಅವರು, ಮರುವರ್ಷ ಮನೆಗೆ ಕೈಹಾಕಿದಾಗ ತಳಪಾಯವನ್ನು ಆಳೆತ್ತರಕ್ಕೆ ಏರಿಸಿದರು. ಕಾಫಿಪುಡಿ ಕರಿಬೇವುಗಳಿಗೆ ತಾಯಿಯವರು ಲೇಕ್ ಮಾರ್ಕೆಟ್ಟಿಗೆ ಹೋಗಿಬರುವುದೆಂದರೆ ಒಂದು ದಿನದ ಪ್ರಯಾಣ. 1986ರಲ್ಲಿ ಟ್ರಾಮು ಬೆಹಾಲಾದಿಂದ ಜೋಕಾವರೆಗೆ ಬಂದಿತು, ಮೆಟ್ರೊ ಕಾಮಗಾರಿಗಾಗಿ ಕಾಲು ಶತಮಾನದ ಬಳಿಕ ನಿಂತಿತು. 2012ರಲ್ಲಿ ಊರು ಕಲ್ಕತ್ತಾ ಮಹಾನಗರಪಾಲಿಕೆಯಲ್ಲಿ ಸೇರಿತು. 2022ರ ಡಿಸೆಂಬರ್ 30ರಂದು ಜೋಕಾದಿಂದ ತಾರಾತಲಾದವರೆಗೆ ಮೆಟ್ರೊ ಉದ್ಘಾಟನೆಯಾಯಿತು. ಈ ಒಂದೊಂದು ಘಟನೆಯೂ ನಮ್ಮ ಮೂರು ಕಾಠಾ ನೆಲದ ಬೆಲೆಯನ್ನು, ನಮ್ಮ ಯಾವ ಪುರುಷಪ್ರಯತ್ನವೂ ಇಲ್ಲದೆ, ಮೇಲಕ್ಕೆತ್ತುತ್ತ ಬಂದಿತು.

ತಂದೆಯವರು 1994ರಲ್ಲಿ ಉಯಿಲು ಬರೆಯದೆ ತೀರಿಕೊಂಡರು, ತಾಯಿಯವರು 2021ರಲ್ಲಿ. ಮದುವೆಯಾಗಿ ಅಕ್ಕ ಮೈಸೂರಿಗೂ, ಉದ್ಯೋಗದ ನಿಮಿತ್ತ ಅಣ್ಣ ಪುಣೆಗೂ ಹೋಗಿ, ಕಿರಿಯನಾದ ನಾನು ಮನೆಯಲ್ಲಿ ಉಳಿದಿದ್ದೆನು. ಮನೆಯನ್ನು ನಾನೇ ಕೊಳ್ಳಬೇಕೆಂಬ ಇಚ್ಛೆ ನನಗೆ ಸಹಜವಾಗಿಯೇ ಹುಟ್ಟಿತು. ಇಚ್ಛೆಯಲ್ಲಿ ದೋಷವಿರಲಿಲ್ಲ, ಅದನ್ನು ನಡೆಸಹೊರಟ ಕ್ರಮದಲ್ಲಿದ್ದಿತು.

ಮೊದಲನೆಯ ತಪ್ಪೆಂದರೆ, ಮಾತನ್ನು ನಾನು ಅಣ್ಣನೊಬ್ಬನೊಡನೆ ಆರಂಭಿಸಿದುದು. ಅಕ್ಕ ಅರಿಶಿನ ಕುಂಕುಮಕ್ಕೆಂದು ಕೊಟ್ಟುದನ್ನು ತೆಗೆದುಕೊಂಡು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವಳೆಂಬ, ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದೆಯೇ ನಡೆದುಬಂದಿರುವ ನಂಬಿಕೆ ನನ್ನಲ್ಲಿಯೂ ಇದ್ದಿತು. ವಾಸದ ಮನೆಯಲ್ಲಿ ಗಂಡುಮಕ್ಕಳು ಪಾಲಾಗಲು ಒಪ್ಪುವವರೆಗೆ ಹೆಣ್ಣುಮಗಳು ಪಾಲು ಕೇಳುವಂತಿಲ್ಲವೆಂಬ ನಿಯಮ ಹಿಂದೂ ಉತ್ತರಾಧಿಕಾರ ಕಾಯಿದೆಯ 23ನೆಯ ಪ್ರಕರಣದಲ್ಲಿ ಇದ್ದುದೇನೋ ನಿಜ. ಆದರೆ ಅದನ್ನು 2005ರಲ್ಲಿಯೇ ತೆಗೆದುಹಾಕಿದ್ದರು. ಕಾಯಿದೆ ಬಿಟ್ಟುಕೊಟ್ಟುದನ್ನು ನನ್ನ ಮನಸ್ಸು ಹಿಡಿದುಕೊಂಡಿದ್ದಿತು.

ಎರಡನೆಯ ತಪ್ಪು ಬೆಲೆಯ ವಿಷಯದಲ್ಲಿ. ಪಂಪು ದುರಸ್ತಿ, ತಾರಸಿಯ ಸೋರಿಕೆ, ಮನೆಗಂದಾಯ, ತಾಯಿಯ ಔಷಧೋಪಚಾರ, ಇವೆಲ್ಲವನ್ನೂ ಇಪ್ಪತ್ತು ವರ್ಷಗಳ ಲೆಕ್ಕವಾಗಿ ಬರೆದು, ಅಷ್ಟನ್ನು ಪೇಟೆಯ ಬೆಲೆಯಲ್ಲಿ ಕಳೆದು, ಮೇಲೆ "ಒಡಹುಟ್ಟಿದವರಲ್ಲವೇ" ಎಂದು ಇನ್ನೂ ಸ್ವಲ್ಪ ಇಳಿಸಿ, ಒಂದು ಮೊತ್ತವನ್ನು ಅಣ್ಣನ ಮುಂದಿಟ್ಟೆನು. ಫೋನಿನಲ್ಲಿ ಅವನು ಬಹಳ ಹೊತ್ತು ಸುಮ್ಮನಿದ್ದು, "ಇಪ್ಪತ್ತು ವರ್ಷದ ಬಾಡಿಗೆಯನ್ನು ಯಾವ ಕಡೆ ಬರೆದಿದ್ದೀಯ?" ಎಂದು ಕೇಳಿದನು. ಅಂದಿನಿಂದ ಮೂರು ತಿಂಗಳು ನಮ್ಮಲ್ಲಿ ಮಾತಿರಲಿಲ್ಲ. ಅಷ್ಟರಲ್ಲಿ ಪ್ರೊಮೋಟರನೊಬ್ಬನು, ಹಳೆಯ ಮನೆಯನ್ನು ಕೆಡವಿ ಫ್ಲ್ಯಾಟುಗಳನ್ನೆಬ್ಬಿಸುವ ಯೋಜನೆಯೊಂದಿಗೆ, ನೇರವಾಗಿ ಅಣ್ಣನನ್ನೇ ಸಂಪರ್ಕಿಸಿದ್ದನು.

ಇಂತಹ ವೈಮನಸ್ಯದ ಅಂತ್ಯವೇನೆಂಬುದನ್ನು ನೋಡಲು ಕಲ್ಕತ್ತೆಯಲ್ಲಿ ದೂರ ಹೋಗಬೇಕಿಲ್ಲ. ಸಹಪಾಲುದಾರನಿಗೆ ಬಂಗಾಳಿಯಲ್ಲಿ ಶರಿಕ್ ಎನ್ನುತ್ತಾರೆ. ಉತ್ತರ ಕಲ್ಕತ್ತೆಯ ಓಣಿಗಳಲ್ಲಿ ನಡೆದರೆ, ಶರಿಕರು ಒಮ್ಮತಕ್ಕೆ ಬಾರದುದರಿಂದ ಸುಣ್ಣವನ್ನೇ ಕಾಣದ, ಗೋಡೆಯ ಬಿರುಕಿನಲ್ಲಿ ಅಶ್ವತ್ಥದ ಸಸಿ ಮರವಾಗಿ ಬೇರಿಳಿಸಿದ, ಒಂದೊಂದು ಕೋಣೆಗೆ ಒಂದೊಂದು ಬೀಗವಿರುವ ಮನೆಗಳು ಕಾಣುತ್ತವೆ. ಆ ಬೇರುಗಳನ್ನು ಕಂಡಾಗಲೆಲ್ಲ ನನಗೆ ನಮ್ಮ ಮನೆಯ ತಾರಸಿ ನೆನಪಾಗುತ್ತಿದ್ದಿತು.

ಕೊನೆಗೆ ನೆರೆಯ ಹಿರಿಯ ವಕೀಲರೊಬ್ಬರ ಬಳಿಗೆ ಹೋದೆನು. ಅವರು ಮೊದಲು ಕೇಳಿದುದು ನಮ್ಮ ಮೂಲವನ್ನು. ಉತ್ತರಾಧಿಕಾರದ ವಿಷಯದಲ್ಲಿ ಬಂಗಾಳದ ಹಿಂದೂಗಳಿಗೆ ಆಧಾರ ಜೀಮೂತವಾಹನನ ದಾಯಭಾಗ. ನಮಗೋ, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರ. ಕುಟುಂಬವು ವಲಸೆ ಹೋದರೆ ಅದರ ಧರ್ಮಶಾಸ್ತ್ರವೂ ಸಾಮಾನ್ಯವಾಗಿ ಅದರೊಡನೆಯೇ ಹೋಗುತ್ತದೆಂದು ನ್ಯಾಯಾಲಯಗಳು ಮನ್ನಿಸುತ್ತ ಬಂದಿವೆ. "ಆದರೆ ನಿಮ್ಮ ತಂದೆಯವರ ಸ್ವಯಾರ್ಜಿತಕ್ಕೆ ಆ ಚರ್ಚೆಯೇ ಬೇಡ," ಎಂದರು ಅವರು, "1956ರ ಕಾಯಿದೆಯಲ್ಲಿ ಎರಡು ದಾರಿಗಳೂ ಒಂದೇ ಬಾಗಿಲಿಗೆ ಬಂದು ಸೇರುತ್ತವೆ." ತಂದೆಯ ಬಳಿಕ ತಾಯಿಗೂ ಮೂವರು ಮಕ್ಕಳಿಗೂ ಸಮಸಮವಾಗಿ ನಾಲ್ಕು ಪಾಲು, ತಾಯಿಯ ಬಳಿಕ ಅವರ ಪಾಲೂ ಮೂವರಲ್ಲಿ ಹಂಚಿ, ತಲೆಗೆ ಮೂರರಲ್ಲಿ ಒಂದು. ನಾನು ಇಪ್ಪತ್ತು ವರ್ಷ ಅಲ್ಲಿ ವಾಸಿಸಿದುದಾಗಲಿ ಕಂದಾಯ ಕಟ್ಟಿದುದಾಗಲಿ ನನ್ನ ಪಾಲನ್ನು ಒಂದಂಗುಲವೂ ಬೆಳೆಸಿರಲಿಲ್ಲ. ಸಹಸ್ವಾಮಿಯೊಬ್ಬನ ಸ್ವಾಧೀನವು ಎಲ್ಲರ ಪರವಾದ ಸ್ವಾಧೀನವೆಂದೇ ನ್ಯಾಯವು ಎಣಿಸುತ್ತದೆ.

ಅವರು ತೋರಿಸಿದ ಇನ್ನೊಂದು ವಿಷಯ ನನ್ನ ಕಣ್ಣು ತೆರೆಯಿಸಿತು. ಅದೇ ಕಾಯಿದೆಯ 22ನೆಯ ಪ್ರಕರಣದಂತೆ, ಉತ್ತರಾಧಿಕಾರವಾಗಿ ಬಂದ ಸ್ಥಿರಾಸ್ತಿಯಲ್ಲಿ ತನ್ನ ಪಾಲನ್ನು ಒಬ್ಬನು ಪರರಿಗೆ ಕೊಡಹೊರಟರೆ, ಅದನ್ನು ಕೊಳ್ಳುವ ಆದ್ಯತೆ ಉಳಿದ ವಾರಸುದಾರರದು. ಬೆಲೆಯಲ್ಲಿ ಒಮ್ಮತವಾಗದಿದ್ದರೆ ನ್ಯಾಯಾಲಯವೇ ಅದನ್ನು ನಿರ್ಣಯಿಸುತ್ತದೆ. 1893ರ ವಿಭಾಗ ಕಾಯಿದೆಯೂ, ಹೊರಗಿನವನು ಮನೆಯ ಪಾಲನ್ನು ಕೊಂಡು ವಿಭಾಗಕ್ಕೆ ದಾವೆ ಹೂಡಿದರೆ, ಮನೆಯವರು ಆ ಪಾಲನ್ನು ನ್ಯಾಯಾಲಯವು ಕಟ್ಟಿದ ಬೆಲೆಗೆ ಹಿಂದಕ್ಕೆ ಪಡೆಯಲು ಎಡೆ ಕೊಟ್ಟಿದೆ. ಹಾಗಾದರೆ ರಕ್ತಸಂಬಂಧಕ್ಕೆ ಕಾಯಿದೆ ಮನ್ನಣೆಯಿತ್ತುದು ಸರದಿಯಲ್ಲಿ, ಬೆಲೆಯಲ್ಲಲ್ಲ. ನಾನು ಕೇಳಬಹುದಾಗಿದ್ದುದು ಮೊದಲ ಅವಕಾಶವನ್ನು ಮಾತ್ರ. ನಾನಾದರೋ ಅದನ್ನು ಕೇಳದೆ ರಿಯಾಯಿತಿಯನ್ನು ಕೇಳಿದ್ದೆನು.

2023ರ ಬೇಸಿಗೆಯಲ್ಲಿ ಅಕ್ಕ ಜೋಕಾಕ್ಕೆ ಬಂದಳು. ಬಂದವಳು ಏನನ್ನೂ ಆಡದೆ, ತಾಯಿಯ ಟ್ರಂಕನ್ನು ತೆಗೆದು, ರಟ್ಟು ಕಳಚಿದ ಲೆಕ್ಕದ ಪುಸ್ತಕವೊಂದನ್ನು ಊಟದ ಮೇಜಿನ ಮೇಲೆ ಬಿಡಿಸಿಟ್ಟಳು. ಮಾಳಿಗೆ ಕಟ್ಟಿಸಿದ 1983ನೆಯ ವರ್ಷದ ಪುಟ. ತಾಯಿಯವರ ದುಂಡನೆಯ ಅಕ್ಷರ. ಸಿಮೆಂಟು, ಕಬ್ಬಿಣ, ಕೂಲಿಗಳ ಸಾಲಿನ ಕೆಳಗೆ "ಮಗಳ ಸಂಬಳದಿಂದ ತಾರಸಿಗೆ 4,000" ಎಂದು ಬರೆದಿದ್ದಿತು. ಮದುವೆಗೆ ಮುಂಚೆ ಅಕ್ಕ ಬ್ಯಾಂಕಿನಲ್ಲಿ ಎರಡು ವರ್ಷ ದುಡಿದುದು ನನಗೆ ಗೊತ್ತಿದ್ದಿತು. ಆ ದುಡಿಮೆ ನನ್ನ ತಲೆಯ ಮೇಲಿನ ಸೂರಾಗಿದ್ದುದು ಗೊತ್ತಿರಲಿಲ್ಲ. "ಇದನ್ನು ಲೆಕ್ಕಕ್ಕೆ ಹಿಡಿ ಅಂತ ತೋರಿಸುತ್ತಿಲ್ಲ ಕಣೋ," ಎಂದಳು. "ನೀವಿಬ್ಬರೂ ಮಾತಾಡಿಕೊಂಡಾದ ಮೇಲೆ ನನಗೆ ತಿಳಿಯಿತು. ತವರಿಗೆ ನಾನು ನೆಂಟಳಾಗಿಬಿಟ್ಟೆನಲ್ಲ, ಅದು ನೋವು."

ಆ ರಾತ್ರಿ ನನ್ನ ಇಪ್ಪತ್ತು ವರ್ಷಗಳ ಪಟ್ಟಿಯನ್ನು ಹರಿದುಹಾಕಿದೆನು. ಒಂದೇ ಮನೆಯಲ್ಲಿ ಬೆಳೆದವರು ಒಬ್ಬರಿಗೊಬ್ಬರು ಮಾಡಿದುದನ್ನು ಜಮೆ ಖರ್ಚಿಗೆ ಇಳಿಸಹೊರಟರೆ, ಬರೆದಿಟ್ಟವನ ಲೆಕ್ಕ ಮಾತ್ರ ಕಾಣುತ್ತದೆ. ಬರೆಯದೆ ಕೊಟ್ಟವರದು ಕಾಣುವುದಿಲ್ಲ. ಮರುದಿನ ಅಣ್ಣನಿಗೆ ಫೋನು ಮಾಡಿ, ಮೂವರೂ ಒಟ್ಟಿಗೆ ಕೇಳುವಂತೆ, ಪೇಟೆಯ ಬೆಲೆಯನ್ನೇ ಕೊಡುವೆನೆಂದೂ ನನಗೆ ಬೇಕಾದುದು ಮೊದಲ ಸರದಿಯೂ ಸ್ವಲ್ಪ ಕಾಲಾವಕಾಶವೂ ಮಾತ್ರವೆಂದೂ ಹೇಳಿದೆನು.

ಆ ಮೇಲೆ ಕೆಲಸ ಸುಗಮವಾಯಿತು. ನಾನೊಬ್ಬ, ಅವರಿಬ್ಬರೂ ಸೇರಿ ಒಬ್ಬ, ಹೀಗೆ ಇಬ್ಬರು ಮೌಲ್ಯಮಾಪಕರನ್ನು ಗೊತ್ತುಮಾಡಿ, ಇಬ್ಬರ ಅಂಕಿಗಳ ಸರಾಸರಿಯನ್ನು ಬೆಲೆಯೆಂದು ಮೊದಲೇ ಒಪ್ಪಿ, ಒಪ್ಪಿದುದನ್ನು ಬರೆದಿಟ್ಟುಕೊಂಡೆವು. ಮಾರುವವರಿಗೆ ಬಂಡವಾಳ ಲಾಭದ ತೆರಿಗೆ ಬರುತ್ತದಾದುದರಿಂದ, ಮತ್ತು 2001ರ ಏಪ್ರಿಲ್ 1ಕ್ಕೆ ಹಿಂದಿನ ಆಸ್ತಿಗೆ ಆ ದಿನದ ಬೆಲೆಯನ್ನೇ ಮೂಲವಾಗಿ ಹಿಡಿಯಲು ಅವಕಾಶವಿರುವುದರಿಂದ, ಆ ದಿನದ ಬೆಲೆಯನ್ನೂ ಅವರಿಂದಲೇ ಬರೆಯಿಸಿದೆವು. ಅರ್ಧ ಹಣ ಬ್ಯಾಂಕಿನ ಸಾಲದಿಂದ. ಉಳಿದುದು ಒಂದು ವರ್ಷದಲ್ಲಿ ಎರಡು ಕಂತಾಗಿ, ಬಡ್ಡಿಯಿಲ್ಲದೆ. ಬಡ್ಡಿ ಬೇಡವೆಂದವನು ಮೂರು ತಿಂಗಳು ಮಾತು ಬಿಟ್ಟಿದ್ದ ಅಣ್ಣ. ಬೆಲೆಯಲ್ಲಿ ನಾನು ಬಚ್ಚಿಟ್ಟು ಕೇಳಿದಾಗ ದೊರೆಯದಿದ್ದ ಔದಾರ್ಯ, ಬೆಲೆ ನ್ಯಾಯವಾದೊಡನೆ ತಾನಾಗಿ ಹೊರಬಂದಿತು. ಪತ್ರಗಳನ್ನು ನೋಂದಾಯಿಸಿ, ಪಾಲಿಕೆಯಲ್ಲಿ ಹೆಸರು ಬದಲಾಯಿಸುವವರೆಗೂ ಕೆಲಸ ಮುಗಿಯಿತೆಂದು ಭಾವಿಸಲಿಲ್ಲ; ಇಂದಿನ ಬಾಯಿಮಾತನ್ನು ನಾಳೆ ನಮ್ಮ ಮಕ್ಕಳು ಹೇಗೆ ಬಲ್ಲರು?

ಒಡಹುಟ್ಟಿದವರಿಂದ ಮನೆ ಕೊಳ್ಳುವವರಿಗೆ ನನ್ನ ಮಾತಿಷ್ಟೇ. ಎಲ್ಲರೊಡನೆ ಒಂದೇ ದಿನ ಮಾತಾಡಿರಿ, ದೂರದಲ್ಲಿರುವ ಹೆಣ್ಣುಮಗಳೊಡನೆ ಮೊದಲು. ಬೆಲೆಯನ್ನು ನ್ಯಾಯಕ್ಕೆ ಬಿಡಿರಿ; ಪ್ರೀತಿಗೆ ಗಡುವಿನಲ್ಲಿ, ಕಂತಿನಲ್ಲಿ, ಬಂದುಹೋಗುವ ಬಳಕೆಯಲ್ಲಿ ಬೇಕಾದಷ್ಟು ಸ್ಥಳವಿದೆ.

ಪಾತ್ರೆಪದಾರ್ಥಗಳ ಹಂಚಿಕೆಯ ದಿನ, ತಾಯಿಯವರು ತುಮಕೂರಿನಿಂದ ತಂದಿದ್ದ ಮರದ ಶಾವಿಗೆ ಒರಳು ತನಗೆ ಬೇಕೆಂದು ಅಕ್ಕ ಹೇಳಿದಳು. ಅದನ್ನು ರೈಲಿನಲ್ಲಿ ಕಳುಹಿಸುವ ವಿಷಯ ನಾನೆತ್ತಿದಾಗ, ಬೇಡವೆಂದಳು. ಒಬ್ಬರು ಒತ್ತಬೇಕು, ಇನ್ನೊಬ್ಬರು ಎಳೆಗಳನ್ನು ಹಿಡಿಯಬೇಕು. ಮೈಸೂರಿನಲ್ಲಿ ತನಗೆ ಜೊತೆಯಿಲ್ಲವೆಂದಳು. ನಮ್ಮ ಪಟ್ಟಿಯ ಕೊನೆಯ ಸಾಲಿನಲ್ಲಿ ಅದು ಹೀಗಿದೆ: ಶಾವಿಗೆ ಒರಳು ಒಂದು, ಅಕ್ಕನದು, ಜೋಕಾದಲ್ಲಿಯೇ ಇರತಕ್ಕದ್ದು.